ಪಾವ್ ಕಿಲೋದಿಂದ ಕ್ವಿಂಟಾಲ್‌ವರೆಗೆ: ಹೊಸಬರಿಗೆ ತೂಕದ ಲೆಕ್ಕ

ಕಲಬುರಗಿಗೆ ವರ್ಗವಾಗಿ ಬರುವ ಕುಟುಂಬಗಳು, ಹೊಸಬರಿಗೆ ನೆರವಾಗುವ ನಮ್ಮ ಸಂಘಕ್ಕೆ ಬಂದಾಗ ಮನೆ ಬಾಡಿಗೆ, ಶಾಲೆ, ನೀರು, ಬಿಸಿಲು ಎಲ್ಲದರ ಬಗ್ಗೆ ಕೇಳುತ್ತಾರೆ. ತೂಕದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಕೆಜಿ ಎಲ್ಲಾ ಕಡೆ ಕೆಜಿನೇ ಅಲ್ವಾ? ಹೌದು. ಆದರೆ ಮೊದಲ ವಾರ ಇಲ್ಲಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ತರಕಾರಿ ತರಲು ಹೋದವರು ತಡವರಿಸುವುದು ಇಲ್ಲಿಯೇ.

"ಎಷ್ಟ್ ಕೊಡ್ಲಿ ಅಕ್ಕೋರೆ, ದೀಡ್ ಕಿಲೋ?" ಅಂತ ಕೇಳಿದರೆ ಗಾಬರಿ ಬೇಡ. ದೀಡ್ ಅಂದರೆ ಒಂದೂವರೆ, 1,500 ಗ್ರಾಂ. ಅಡೀಚ್ ಅಂದರೆ ಎರಡೂವರೆ. ಸವ್ವಾ ಕಿಲೋ ಅಂದರೆ ಒಂದು ಕಾಲು, 1,250 ಗ್ರಾಂ. ಪೌಣ್ ಕಿಲೋ ಅಂದರೆ ಮುಕ್ಕಾಲು, 750 ಗ್ರಾಂ. ಈ 'ಪೌಣ್' ಸ್ವಲ್ಪ ನೋಡಿಕೊಳ್ಳಬೇಕು. 'ಪೌಣೆ ದೋ' ಅಂದರೆ ಎರಡೂ ಮುಕ್ಕಾಲು ಅಲ್ಲ, ಎರಡಕ್ಕೆ ಕಾಲು ಕಡಿಮೆ. ಅಂದರೆ 1,750 ಗ್ರಾಂ. ನಮ್ಮ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಪಕ್ಕದಲ್ಲೇ ಮಹಾರಾಷ್ಟ್ರ. ಉರ್ದು, ಮರಾಠಿ ಲೆಕ್ಕದ ಮಾತುಗಳು ಕನ್ನಡದೊಳಗೆ ಹಾಗೇ ಉಳಿದುಕೊಂಡಿವೆ. ಬೀದರ್ ಕಡೆ ಹೋದರೆ ಇನ್ನೂ ಜಾಸ್ತಿ ಕೇಳುತ್ತೀರಿ. ಎರಡು ತಿಂಗಳಲ್ಲಿ ನಿಮ್ಮ ಬಾಯಲ್ಲೂ ಬರುತ್ತವೆ.

ಮೈಸೂರು, ಮಂಡ್ಯ ಕಡೆಯಿಂದ ಬಂದವರಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಪಾವು ಅಂದರೆ ಅಕ್ಕಿ ಅಳೆಯುವ ಪಾತ್ರೆ. ಇಲ್ಲಿ ಪಾವ್ ಕಿಲೋ ಅಂದರೆ ಕಾಲು ಕೆಜಿ, ತೂಕ ಮಾಡಿದ 250 ಗ್ರಾಂ. ಅಳತೆ ಬೇರೆ, ತೂಕ ಬೇರೆ. ಒಂದೇ ಪಾತ್ರೆಯಲ್ಲಿ ಜೋಳ ಅಳೆದರೆ ಒಂದು ತೂಕ, ಜೋಳದ ಹಿಟ್ಟು ಅಳೆದರೆ ಮತ್ತೊಂದು. ಹಾಗಾಗಿ ಸೇರು, ಪಾವುಗಳನ್ನು ಕೆಜಿಗೆ ತಿರುಗಿಸಲು ಎಲ್ಲದಕ್ಕೂ ಹೊಂದುವ ಒಂದೇ ಲೆಕ್ಕ ಇಲ್ಲ. ಹಿಂದೆ ತೂಕಕ್ಕೂ ಬಳಸುತ್ತಿದ್ದ ಸೇರು, ಮಣಗಳ ಬದಲು ಕಿಲೋ, ಗ್ರಾಂ ಬರಲು ಶುರುವಾಗಿದ್ದು 1958ರಲ್ಲಿ. ಹಳ್ಳಿಯ ಹಿರಿಯರ ಮಾತಿನಲ್ಲಿ ಹಳೆಯವು ಇನ್ನೂ ಇವೆ.

ಈಗ ತಕ್ಕಡಿ ನೋಡೋಣ. ನಾವು ಎಲ್ಲರಿಗೂ ಹೇಳಿಕೊಡುವುದು ಒಂದೇ ಅಭ್ಯಾಸ: ಪಾಯಿಂಟ್ ಆದಮೇಲೆ ಮೂರು ಅಂಕಿ ತುಂಬಿಸಿ ಓದಿ. 1.5 ಅಂದರೆ 1.500, ಒಂದು ಕೆಜಿ 500 ಗ್ರಾಂ. 1.05 ಅಂದರೆ 1.050, ಒಂದು ಕೆಜಿ 50 ಗ್ರಾಂ. ನಡುವಿನ ಸೊನ್ನೆ ನುಂಗಿದರೆ 450 ಗ್ರಾಂ ವ್ಯತ್ಯಾಸ.

ತರಕಾರಿಯಲ್ಲಿ ಇದು ಕೆಲವು ರೂಪಾಯಿ ಅಷ್ಟೇ. ಮಗುವಿನ ವಿಷಯದಲ್ಲಿ ಹಾಗಲ್ಲ. ಹೊಸದಾಗಿ ಬಂದ ಒಬ್ಬ ತಾಯಿಯ ಜೊತೆ ನಾನೇ ಆಸ್ಪತ್ರೆಗೆ ಹೋಗಿದ್ದೆ. ಚೀಟಿಯಲ್ಲಿ ಮಗುವಿನ ತೂಕ 9.05 ಅಂತ ಬರೆದಿತ್ತು. ಒಳಗೆ ಡಾಕ್ಟರ್ ಕೇಳಿದಾಗ ಆಕೆ "ಒಂಬತ್ತೂವರೆ" ಅಂದರು. ನಾನು ಚೀಟಿ ಮುಂದಿಟ್ಟೆ. ಅದು ಒಂಬತ್ತು ಕೆಜಿ 50 ಗ್ರಾಂ. ಮಕ್ಕಳ ಔಷಧಿಯನ್ನು ತೂಕ ನೋಡಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ತೂಕವನ್ನು ಬಾಯಲ್ಲಿ ಹೇಳಬೇಡಿ, ಚೀಟಿಯನ್ನೇ ತೋರಿಸಿ.

ಸಿರಪ್ ಬಾಟಲಿಯನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮಿಲಿಗ್ರಾಂ ಅಂದರೆ ಒಳಗಿರುವ ಔಷಧಿಯ ತೂಕ. ಮಿಲಿಲೀಟರ್ ಅಂದರೆ ದ್ರವದ ಅಳತೆ. ಜ್ವರದ ಪ್ಯಾರಾಸಿಟಮಾಲ್ ಸಿರಪ್ ಬೇರೆ ಬೇರೆ ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ ಅದೇ 5 ಮಿಲಿಲೀಟರಿಗೆ 250. ಹೋದ ಸಲದ ಬಾಟಲಿ 125ರದ್ದು, ಈ ಸಲದ್ದು 250ರದ್ದು ಆಗಿದ್ದರೆ, ಹಳೆ ಅಳತೆಯಲ್ಲೇ ಕುಡಿಸಿದಾಗ ಔಷಧಿ ಎರಡರಷ್ಟಾಗುತ್ತದೆ. ಊರು ಬದಲಾದಾಗ ಅಂಗಡಿ, ಕಂಪನಿ ಎರಡೂ ಬದಲಾಗುತ್ತವೆ. ಹೊಸ ಬಾಟಲಿ ತಂದಾಗಲೆಲ್ಲ ಎಷ್ಟು ಕೊಡಬೇಕು ಅಂತ ಡಾಕ್ಟರ್ ಬಳಿ ಮತ್ತೆ ಕೇಳಿ. ಬಾಟಲಿ ಜೊತೆ ಬಂದ ಅಳತೆ ಮುಚ್ಚಳದಲ್ಲೇ ಕೊಡಿ, ಅಡುಗೆಮನೆ ಚಮಚ ಬೇಡ.

ಮೂರು ಅಂಕಿಯ ಅಭ್ಯಾಸ ಬಂಗಾರಕ್ಕೂ ನಡೆಯುತ್ತದೆ. 3.250 ಗ್ರಾಂ ಅಂದರೆ ಮೂರು ಗ್ರಾಂ 250 ಮಿಲಿಗ್ರಾಂ. ತೊಲ ಅಂದಾಗ ಮಾತ್ರ ಎಷ್ಟು ಗ್ರಾಂ ಅಂತ ಕೇಳಿಬಿಡಿ. ಹಳೆ ತೊಲ ಸುಮಾರು 11.66 ಗ್ರಾಂ, ಈಗ ಅಂಗಡಿಗಳಲ್ಲಿ 10 ಗ್ರಾಮಿಗೇ ತೊಲ ಅನ್ನುತ್ತಾರೆ. ಟನ್ನಿಗೂ ಅದೇ ಅಭ್ಯಾಸ: 1 ಟನ್ ಅಂದರೆ 1,000 ಕೆಜಿ. ಮನೆ ಕಟ್ಟಿಸುವವರಿಗೆ 50 ಕೆಜಿ ಸಿಮೆಂಟ್ ಚೀಲ 20.

ಕ್ವಿಂಟಾಲ್ ಮಾತ್ರ ಬೇರೆ. ಅದು 100 ಕೆಜಿ, ಹಾಗಾಗಿ ಪಾಯಿಂಟ್ ಆದಮೇಲೆ ಎರಡೇ ಅಂಕಿ. 2.35 ಕ್ವಿಂಟಾಲ್ ಅಂದರೆ 235 ಕೆಜಿ. ಇದು ತೊಗರಿಯ ಊರು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಕಾಳುಕಡಿಯ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ ಮಾತೆಲ್ಲ ಕ್ವಿಂಟಾಲಿನಲ್ಲೇ. ದರವನ್ನು 100ರಿಂದ ಭಾಗಿಸಿದರೆ ಕೆಜಿ ದರ ಸಿಗುತ್ತದೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ, ಅಂದರೆ ಕೆಜಿಗೆ 80. ಇದು ಕಾಳಿನ ಬೆಲೆ. ಬೇಳೆ ಮಾಡುವಾಗ ಹೊಟ್ಟು, ನುಚ್ಚು ಹೋಗುತ್ತದೆ, ಅದಕ್ಕೆ ಅಂಗಡಿಯಲ್ಲಿ ಬೇಳೆ ದರ ಜಾಸ್ತಿ.

ಸಾಮಾನು ತೂಗುವ ಮುಂಚೆ ತಕ್ಕಡಿ 0.000 ತೋರಿಸುತ್ತಿದೆಯಾ ನೋಡಿ. ಮಿಠಾಯಿ ಕೊಳ್ಳುವಾಗ ಖಾಲಿ ಡಬ್ಬಿಯ ತೂಕ ಕಳೆಯಲು ಹೇಳಿ, ಸಂಕೋಚ ಬೇಡ. ಮೋಸ ಅನ್ನಿಸಿದರೆ ದೂರು ಕೊಡಬೇಕಾದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಗೆ.

ಗ್ಯಾಸ್ ಸಿಲಿಂಡರ್ ಬಂದಾಗಲೂ ತೂಗಿಸಿ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅಲ್ಲಿ 15.7 ಅಂತಿದ್ದರೆ ಒಟ್ಟು 29.9 ಬರಬೇಕು, ಅಂದರೆ 29 ಕೆಜಿ 900 ಗ್ರಾಂ. ಸೀಲ್ ಒಡೆಯುವ ಮುಂಚೆ, ತಂದವರು ಬಾಗಿಲಲ್ಲಿ ಇರುವಾಗಲೇ ತೂಗಿಸಿಕೊಳ್ಳಿ.