ನಗೋಯಾದ ಎಲ್‌ಎಲ್‌ಎಂ: ಓದಿಸಿದ್ದು ಜಪಾನ್ ಸರ್ಕಾರ, ನೌಕರಿ ಕೊಡಿಸಿದ್ದು ಬೆಂಗಳೂರಿನ ಕೋರ್ಟು

ಕಾನೂನು ಓದಿದ ಹುಡುಗ ಹುಡುಗಿಯರು ನನಗೆ ಫೋನ್ ಮಾಡಿದರೆ ಕೇಳುವುದು ಬಹುತೇಕ ಒಂದೇ ಮಾತು: ಏಷ್ಯಾದಲ್ಲಿ ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂಗೆ ಸ್ಕಾಲರ್‌ಶಿಪ್ ಸಿಗುತ್ತದೆಯೇ? ಸಿಗುತ್ತದೆ. ಸಿಕ್ಕಿದ ಮೇಲೆ ಏನು ಎಂದು ಕೇಳುವವರು ಅಪರೂಪ. ಎಂಜಿನಿಯರ್ ತನ್ನ ವಿದ್ಯೆಯನ್ನು ಯಾವ ದೇಶಕ್ಕಾದರೂ ಹೊತ್ತೊಯ್ಯಬಹುದು. ವಕೀಲರ ವಿದ್ಯೆ ವಿಮಾನ ನಿಲ್ದಾಣದಲ್ಲೇ ಅರ್ಧ ಕಳೆದುಹೋಗುತ್ತದೆ. ಉಳಿದ ಅರ್ಧವನ್ನು ಯಾರಿಗೆ, ಯಾವ ಕೆಲಸಕ್ಕೆ ಮಾರಬಹುದು ಎಂಬ ಲೆಕ್ಕವನ್ನು ಅರ್ಜಿ ತುಂಬುವ ಮೊದಲೇ ಹಾಕಿಕೊಂಡಿರಬೇಕು.

ನಾನು ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿ, ವಕೀಲಿ ಮಾಡುವ ಸನದು ಪಡೆದು, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಒಬ್ಬ ಸೀನಿಯರ್ ಬಳಿ ಜೂನಿಯರ್ ಆಗಿದ್ದೆ. ಹಣ ವಸೂಲಿ ದಾವೆ, ಲೀಸ್ ತಕರಾರು, ಮಧ್ಯಸ್ಥಿಕೆ (ಕೋರ್ಟಿನ ಹೊರಗೆ ನಡೆಯುವ ಆರ್ಬಿಟ್ರೇಷನ್) ತೀರ್ಪಿನ ಮೇಲಿನ ಅರ್ಜಿ ಇಂಥವೇ ನಮ್ಮ ಕಚೇರಿಯ ಕೆಲಸ. ವಿದೇಶದಲ್ಲಿ ಓದುವ ಆಸೆ ಮೊದಲಿನಿಂದ ಇತ್ತು, ದುಡ್ಡು ಇರಲಿಲ್ಲ. ಸಿಂಗಪುರದ ಎಲ್‌ಎಲ್‌ಎಂ ಶುಲ್ಕ ನೋಡಿ ಪುಟ ಮುಚ್ಚಿದ್ದೆ. ಜಪಾನಿನ ಶಿಕ್ಷಣ ಸಚಿವಾಲಯ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಬೋಧನಾ ಶುಲ್ಕವಿಲ್ಲ, ವಿಮಾನದ ಟಿಕೆಟ್ ಅವರದೇ, ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 1,44,000 ಯೆನ್, ಕೆಲವು ನಗರಗಳಲ್ಲಿ ಅದರ ಮೇಲೆ ಎರಡು ಮೂರು ಸಾವಿರ. ವಯಸ್ಸು 35ರೊಳಗಿರಬೇಕು. ಅರ್ಜಿಗೆ ಎರಡು ದಾರಿ: ರಾಯಭಾರ ಕಚೇರಿಯ ಶಿಫಾರಸು ಒಂದು, ವಿಶ್ವವಿದ್ಯಾಲಯದ ಶಿಫಾರಸು ಇನ್ನೊಂದು. ನಾನು ಹಿಡಿದದ್ದು ಮೊದಲನೆಯದನ್ನು.

ಅರ್ಜಿಯ ಜೀವ ಇರುವುದು ಸಂಶೋಧನಾ ಯೋಜನೆ ಎಂಬ ಎರಡು ಪುಟದಲ್ಲಿ. ಅಂಕಪಟ್ಟಿಗಿಂತ ಅದಕ್ಕೆ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ‘ಅಂತರರಾಷ್ಟ್ರೀಯ ವಾಣಿಜ್ಯ ಕಾನೂನಿನ ತುಲನಾತ್ಮಕ ಅಧ್ಯಯನ’ ಎಂದು ಬರೆದುಕೊಂಡು ಬರುವವರನ್ನು ನೋಡುತ್ತಲೇ ಇದ್ದೇನೆ. ಅದನ್ನು ಲಂಡನ್ನಿಗೂ ಕಳಿಸಬಹುದು, ಸೋಲ್‌ಗೂ ಕಳಿಸಬಹುದು. ಓದುವ ಜಪಾನಿ ಪ್ರೊಫೆಸರಿಗೆ ಇದು ತನ್ನ ಮೇಜಿಗೇ ಏಕೆ ಬಂತು ಎಂದು ತಿಳಿಯಬೇಕು. ನನ್ನ ಅದೃಷ್ಟಕ್ಕೆ, ನಾನು ಬರೆಯಲು ಕುಳಿತ 2017ರ ಏಪ್ರಿಲ್ 28ರ ಸುಮಾರಿಗೆ ಡೊಕೊಮೊ–ಟಾಟಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ತೀರ್ಪು ಬಂತು. ಜಪಾನಿನ ಎನ್‌ಟಿಟಿ ಡೊಕೊಮೊ 2009ರಲ್ಲಿ ಟಾಟಾ ಟೆಲಿಸರ್ವಿಸಸ್ ಷೇರನ್ನು ತಲಾ 117 ರೂಪಾಯಿಗೆ ಕೊಂಡಿತ್ತು. ಗುರಿ ಮುಟ್ಟದಿದ್ದರೆ ಕನಿಷ್ಠ ಅರ್ಧ ಬೆಲೆಗೆ ಮಾರಿ ಹೊರಡುವ ಹಕ್ಕು ಒಪ್ಪಂದದಲ್ಲೇ ಇತ್ತು. ಹೊರಡುವ ದಿನ ಬಂದಾಗ ಆ ಬೆಲೆ ವಿದೇಶಿ ವಿನಿಮಯ ನಿಯಮಕ್ಕೆ ವಿರುದ್ಧ ಎಂದು ರಿಸರ್ವ್ ಬ್ಯಾಂಕ್ ತಡೆಯಿತು. ಲಂಡನ್ನಿನ ಮಧ್ಯಸ್ಥಿಕೆಯಲ್ಲಿ ಡೊಕೊಮೊಗೆ ಸುಮಾರು 117 ಕೋಟಿ ಡಾಲರಿನ ತೀರ್ಪು ಸಿಕ್ಕಿತು, ರಿಸರ್ವ್ ಬ್ಯಾಂಕಿನ ಆಕ್ಷೇಪವನ್ನು ಬದಿಗಿಟ್ಟು ಹೈಕೋರ್ಟು ಅದರ ಜಾರಿಗೆ ಒಪ್ಪಿತು. ರ್‍ಯಾನ್‌ಬ್ಯಾಕ್ಸಿ ಮಾರಿದವರ ಮೇಲೆ ಅದನ್ನು ಕೊಂಡ ಜಪಾನಿನ ಔಷಧ ಕಂಪನಿ ದಾಯಿಚಿ ಸಾಂಕ್ಯೊ ಸಿಂಗಪುರದ ಮಧ್ಯಸ್ಥಿಕೆಯಲ್ಲಿ ಗೆದ್ದ ತೀರ್ಪಿನ ಜಾರಿ ಆಗಿನ್ನೂ ಅದೇ ಹೈಕೋರ್ಟಿನಲ್ಲಿ ನಡೆಯುತ್ತಿತ್ತು. ಜಪಾನಿ ಹೂಡಿಕೆದಾರ ಮಧ್ಯಸ್ಥಿಕೆಯಲ್ಲಿ ಗೆದ್ದ ಮೇಲೆ ಭಾರತದ ನ್ಯಾಯಾಲಯದಲ್ಲಿ ಅವನಿಗೆ ಏನಾಗುತ್ತದೆ? ಇದೇ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಕೋರ್ಟಿನಲ್ಲಿ ಅಮಲ್ಜಾರಿ (ತೀರ್ಪು ಜಾರಿ) ಅರ್ಜಿಗಳ ಹಿಂದೆ ಓಡಾಡಿದವಳು ತಕ್ಕವಳು ಎಂದು ಸಾಬೀತು ಮಾಡಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಂಕಗಳ ವಿಷಯದಲ್ಲಿ ಒಂದು ಕಿವಿಮಾತು. ನಮ್ಮ ಕಾನೂನು ಕಾಲೇಜುಗಳಲ್ಲಿ 60 ಪ್ರತಿಶತ ಬಂದರೆ ಫಸ್ಟ್ ಕ್ಲಾಸ್, ಮನೆಯಲ್ಲಿ ಸಿಹಿ ಹಂಚುತ್ತಾರೆ. ಜಪಾನಿನ ವಿಶ್ವವಿದ್ಯಾಲಯಗಳಲ್ಲಿ 60 ಎಂದರೆ ಕಷ್ಟಪಟ್ಟು ಪಾಸಾದವನು. ಹಾಗಾಗಿ ಅಂಕಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ದರ್ಜೆಗಳ ವಿವರಣೆಯನ್ನೂ ಪ್ರತಿ ಮಾಡಿಸಿ, ದೃಢೀಕರಿಸಿ ಲಗತ್ತಿಸಿದೆ. ತರಗತಿಯಲ್ಲಿ ನನ್ನ ಸ್ಥಾನ ಎಷ್ಟನೆಯದು ಎಂದು ಪ್ರಾಂಶುಪಾಲರಿಂದ ಪತ್ರವನ್ನೂ ಬರೆಸಿಕೊಂಡೆ. ಅವರು ಪತ್ರಕ್ಕೆ ಸಹಿ ಹಾಕುತ್ತಾ, ‘ಜಪಾನಿನವರಿಗೆ ನಮ್ಮ ಕಾನೂನು ಯಾಕಮ್ಮಾ ಬೇಕು?’ ಎಂದರು. ‘ನಮ್ಮಲ್ಲಿ ದುಡ್ಡು ಹಾಕಿದ್ದಾರಲ್ಲ ಸರ್’ ಎಂದೆ.

ಮುಂದಿನ ಹಂತಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷ್ ಮತ್ತು ಜಪಾನಿ ಎರಡೂ ಭಾಷೆಯ ಲಿಖಿತ ಪರೀಕ್ಷೆ ಇರುತ್ತದೆ. ಜಪಾನಿ ಬಾರದವರೂ ಕುಳಿತುಕೊಳ್ಳಲೇಬೇಕು, ಬಂದಷ್ಟು ಬರೆಯಬೇಕು. ನಂತರ ಸಂದರ್ಶನ. ಸಿಂಗಪುರಕ್ಕೆ ಏಕೆ ಹೋಗುವುದಿಲ್ಲ ಎಂದು ನನ್ನನ್ನು ಕೇಳಿದರು. ಜಪಾನಿ ಕಂಪನಿಗಳ ವಕೀಲರು ಇರುವ ಕಡೆ ಓದಬೇಕು ಎಂದೆ. ಮೊದಲ ಸುತ್ತು ಗೆದ್ದ ಮೇಲೆ ವಿಶ್ವವಿದ್ಯಾಲಯಗಳಿಗೆ ನಾವೇ ಬರೆದು ಒಪ್ಪಿಗೆ ಪತ್ರ ತರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಕಾನೂನು ಸ್ನಾತಕೋತ್ತರ ಓದಿಸುವ ಹಳಬರಲ್ಲಿ ಫುಕುವೊಕಾದ ಕ್ಯೂಶು ವಿಶ್ವವಿದ್ಯಾಲಯ ಮತ್ತು ನಗೋಯಾ ವಿಶ್ವವಿದ್ಯಾಲಯ ಮುಖ್ಯವಾದವು. ಕ್ಯೂಶುವಿನದು ಒಂದು ವರ್ಷದ್ದು, ನಗೋಯಾದ್ದು ಎರಡು ವರ್ಷದ್ದು. ನಾನು ಎರಡು ವರ್ಷದ್ದನ್ನೇ ಆರಿಸಿದೆ. ಕಾರಣ ಕಾನೂನಲ್ಲ, ಭಾಷೆ. ಒಂದು ವರ್ಷದಲ್ಲಿ ಪ್ರಬಂಧ ಬರೆಯಬಹುದು, ಜಪಾನಿ ಕಲಿಯಲಾಗದು. ಇನ್ನೊಂದು ಕಾರಣವೂ ಇತ್ತು. ನಗೋಯಾ ಇರುವುದು ಐಚಿ ಪ್ರಾಂತ್ಯದಲ್ಲಿ. ಟೊಯೊಟಾ ಕಂಪನಿಯ ತವರು ಅದು, ಸುತ್ತಮುತ್ತಲೆಲ್ಲ ಬಿಡಿಭಾಗ ತಯಾರಿಸುವವರು. ಬಿಡದಿಯ ಕಾರ್ಖಾನೆಗೆ ಮಾಲು ಕಳಿಸುವ ಎಷ್ಟೋ ಕಂಪನಿಗಳ ಮೂಲ ಮನೆ ಅಲ್ಲಿಯೇ ಇದೆ.

2018ರ ಏಪ್ರಿಲ್‌ನಲ್ಲಿ ಹೋದೆ. ಮೊದಲ ಆರು ತಿಂಗಳು ಸಂಶೋಧನಾ ವಿದ್ಯಾರ್ಥಿ ಎಂಬ ಹಣೆಪಟ್ಟಿಯಲ್ಲಿ ಭಾಷೆಯ ತರಗತಿ, ಅಕ್ಟೋಬರಿನಿಂದ ಎಲ್‌ಎಲ್‌ಎಂ. ಪ್ರತಿ ತಿಂಗಳು ಕಚೇರಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರಷ್ಟೇ ಆ ತಿಂಗಳ ಹಣ ಬರುತ್ತದೆ; ಊರಿಗೆ ಹೋಗಿ ಕುಳಿತವರಿಗೆ ಬರುವುದಿಲ್ಲ. ಹಣ ಸಾಲುತ್ತದೆ, ಮಿಗುವುದಿಲ್ಲ. ವಾರಕ್ಕೆ 28 ಗಂಟೆಯವರೆಗೆ ಅರೆಕಾಲಿಕ ಕೆಲಸಕ್ಕೆ ವಲಸೆ ಇಲಾಖೆಯ ಅನುಮತಿ ಪಡೆಯಬಹುದು. ಪಡೆದೆ, ಒಬ್ಬ ವಕೀಲರ ಕಚೇರಿಯಲ್ಲಿ ಇಂಗ್ಲಿಷ್ ಕರಾರುಗಳನ್ನು ತಿದ್ದುತ್ತಿದ್ದೆ. ಸ್ಕಾಲರ್‌ಶಿಪ್ ಇದೆಯಲ್ಲ, ದುಡಿಯುವುದೇಕೆ ಎಂದು ಸುಮ್ಮನಿರುವವರಿಗೆ ಹೇಳುತ್ತೇನೆ: ಹೋಟೆಲಿನಲ್ಲಿ ತಟ್ಟೆ ತೊಳೆಯಬೇಡಿ, ಆದರೆ ಕಾನೂನಿನ ಕೆಲಸ ಸಿಕ್ಕರೆ ಕಡಿಮೆ ಕೂಲಿಗಾದರೂ ಹೋಗಿ.

ಸಹಪಾಠಿಗಳಲ್ಲಿ ಉಜ್ಬೆಕಿಸ್ತಾನ, ಮಂಗೋಲಿಯಾ, ವಿಯೆಟ್ನಾಂ, ಕಾಂಬೋಡಿಯಾದವರೇ ಹೆಚ್ಚು. ಅದು ಕಾಕತಾಳೀಯವಲ್ಲ. ಸೋವಿಯತ್ ವ್ಯವಸ್ಥೆ ಕುಸಿದ ಮೇಲೆ ಹೊಸ ಸಿವಿಲ್ ಸಂಹಿತೆ ಬರೆದುಕೊಳ್ಳಬೇಕಾದ ದೇಶಗಳಿಗೆ ಜಪಾನ್ ಕಾನೂನಿನ ನೆರವು ಕೊಟ್ಟಿತು, ಕಾಂಬೋಡಿಯಾದ ಸಿವಿಲ್ ಸಂಹಿತೆಯ ಕರಡಿನಲ್ಲೂ ಅವರ ಪ್ರೊಫೆಸರುಗಳ ಕೈ ಇದೆ. ತಾಷ್ಕೆಂಟ್, ಉಲಾನ್‌ಬಾತರ್, ಹನೋಯ್, ನೋಮ್ ಪೆನ್‌ಗಳಲ್ಲಿ ನಗೋಯಾ ವಿಶ್ವವಿದ್ಯಾಲಯ ಜಪಾನಿ ಕಾನೂನಿನ ಕೇಂದ್ರಗಳನ್ನೇ ತೆರೆದಿದೆ. ಆ ಹುಡುಗರು ತಮ್ಮೂರಲ್ಲೇ ಜಪಾನಿ ಭಾಷೆಯಲ್ಲಿ ಕಾನೂನು ಓದಿ ಬಂದಿರುತ್ತಾರೆ. ಅವರಿಗೆ ವಾಪಸು ಹೋದರೆ ನ್ಯಾಯ ಸಚಿವಾಲಯದಲ್ಲಿ ಕುರ್ಚಿ ಇರುತ್ತದೆ, ಇಲ್ಲವೇ ಜಪಾನಿ ಕಾನೂನು ಸಂಸ್ಥೆಯ ಹನೋಯ್ ಶಾಖೆ ಇರುತ್ತದೆ. ಭಾರತದಿಂದ ಹೋದ ನನಗೆ ಅಂಥ ಸಿದ್ಧ ಕುರ್ಚಿ ಎಲ್ಲೂ ಇರಲಿಲ್ಲ. ಒಂದೇ ತರಗತಿ, ಒಂದೇ ವಿದ್ಯಾರ್ಥಿವೇತನ, ಆದರೆ ಮುಂದಿನ ದಾರಿ ಅವರದೇ ಬೇರೆ, ನನ್ನದೇ ಬೇರೆ.

ಈಗ ಕೆಲಸದ ಮಾತು. ಇಂಗ್ಲಿಷ್ ಎಲ್‌ಎಲ್‌ಎಂ ಮಾಡಿದವರು ಜಪಾನಿನಲ್ಲಿ ಬೆಂಗೋಶಿ, ಅಂದರೆ ಅಲ್ಲಿನ ವಕೀಲರು, ಆಗುವುದಿಲ್ಲ. ಅದಕ್ಕೆ ಅವರ ರಾಷ್ಟ್ರೀಯ ವಕೀಲಿ ಪರೀಕ್ಷೆಯನ್ನು ಜಪಾನಿ ಭಾಷೆಯಲ್ಲೇ ಗೆಲ್ಲಬೇಕು. ಉಳಿಯುವುದು ಎರಡು ಬಾಗಿಲು: ದೊಡ್ಡ ಕಾನೂನು ಸಂಸ್ಥೆಗಳ ಭಾರತ ವಿಭಾಗ, ಇಲ್ಲವೇ ಕಂಪನಿಯ ಕಾನೂನು ವಿಭಾಗ. ಮೊದಲನೆಯದರಲ್ಲಿ ಜಾಗ ಬೆರಳೆಣಿಕೆಯಷ್ಟು, ಅದೂ ಬಹುಪಾಲು ಟೋಕಿಯೊದಲ್ಲಿ. ಎರಡನೆಯದರಲ್ಲಿ ಜಾಗವಿದೆ, ಆದರೆ ಅಲ್ಲಿ ಕೂರುವವರು ಜಪಾನಿ ಓದಲೇಬೇಕು. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್2 ಮಟ್ಟ ಇಲ್ಲದಿದ್ದರೆ ಅರ್ಜಿಯ ಮೊದಲ ಪುಟ ದಾಟುವುದೇ ಕಷ್ಟ. ನಾನು ಬೆಂಗಳೂರಿನಲ್ಲಿ ಅದರ ಮೊದಲ ಮೆಟ್ಟಿಲಾದ ಎನ್5 ಮುಗಿಸಿ ಹೋಗಿದ್ದೆ; 2019ರ ಡಿಸೆಂಬರಿನಲ್ಲಿ ಎನ್2 ಆಯಿತು. ಪ್ರಬಂಧಕ್ಕೆ ಕೊಟ್ಟ ಗಂಟೆಗಳಿಗಿಂತ ಕಾಂಜಿ ಎಂಬ ಜಪಾನಿ ಚಿತ್ರಾಕ್ಷರಗಳಿಗೆ ಕೊಟ್ಟ ಗಂಟೆಗಳೇ ನನ್ನ ಅನ್ನ ಹುಟ್ಟಿಸಿದವು ಎಂದರೆ ನನ್ನ ಪ್ರೊಫೆಸರು ಬೇಸರಿಸಿಕೊಂಡಾರು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಜಪಾನಿನಲ್ಲಿ ಹೊಸಬರು ಕೆಲಸಕ್ಕೆ ಸೇರುವುದು ಏಪ್ರಿಲ್ ಒಂದಕ್ಕೆ, ಅದರ ಬೇಟೆ ಶುರುವಾಗುವುದು ಒಂದು ವರ್ಷ ಮೊದಲೇ. ಇಂಗ್ಲಿಷ್ ಎಲ್‌ಎಲ್‌ಎಂ ಮುಗಿಯುವುದು ಸೆಪ್ಟೆಂಬರಿನಲ್ಲಿ. ನಡುವೆ ಆರು ತಿಂಗಳು ವಿದ್ಯಾರ್ಥಿವೇತನವೂ ಇಲ್ಲ, ಸಂಬಳವೂ ಇಲ್ಲ. 2020ರಲ್ಲಿ ಕೋವಿಡ್ ಬಂದು ಸಂದರ್ಶನಗಳೆಲ್ಲ ಪರದೆಯ ಮೇಲೆ ನಡೆದವು. ಕೆಲಸ ಗ್ಯಾರಂಟಿಯಾದವರಿಗೆ ಸೇರುವ ದಿನದವರೆಗೆ ಉಳಿಯಲು ಬೇರೆ ವೀಸಾ ಇದೆ, ಇನ್ನೂ ಹುಡುಕುತ್ತಿರುವವರಿಗೆ ಆರು ತಿಂಗಳಿನದು ಇದೆ, ಅದನ್ನು ಒಮ್ಮೆ ವಿಸ್ತರಿಸಬಹುದು. ಅಂದ ಹಾಗೆ, ಸರ್ಕಾರ ವಾಪಸು ಟಿಕೆಟ್ ಕೊಡುವುದು ಓದು ಮುಗಿದೊಡನೆ ಊರಿಗೆ ಹೊರಡುವವರಿಗೆ ಮಾತ್ರ.

ನನ್ನನ್ನು ತೆಗೆದುಕೊಂಡದ್ದು ಐಚಿಯ ಒಂದು ಬಿಡಿಭಾಗ ಕಂಪನಿ. ಕರ್ನಾಟಕದಲ್ಲೂ ಅವರ ಘಟಕವಿದೆ. ಸಂಬಳ ಶುರುವಿಗೆ ಎರಡೂವರೆ ಲಕ್ಷ ಯೆನ್ ಆಸುಪಾಸು. ಇಪ್ಪತ್ತೆರಡರ ಹುಡುಗರ ಜೊತೆ ಹೊಸಬಳೆಂದೇ ಸೇರಿಸಿಕೊಂಡರು, ನನ್ನ ವಕೀಲಿಯ ವರ್ಷಗಳಿಗೆ ಸಂಬಳದಲ್ಲಿ ಒಂದು ಯೆನ್ನೂ ಸೇರಲಿಲ್ಲ. ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ಸಂದರ್ಶನದಲ್ಲಿ ಗೆದ್ದದ್ದು ಆ ವರ್ಷಗಳಿಂದಲೇ. ಎಲ್‌ಎಲ್‌ಎಂ ಪ್ರಬಂಧದ ಬಗ್ಗೆ ಅಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ವಿಭಾಗದ ಮುಖ್ಯಸ್ಥರು ಒಂದು ಕರಾರನ್ನು ತೋರಿಸಿ, ‘ಇದಕ್ಕೆ ಸ್ಟಾಂಪ್ ಕಡಿಮೆಯಾದರೆ ನಿಮ್ಮಲ್ಲಿ ಏನಾಗುತ್ತದೆ?’ ಎಂದು ಕೇಳಿದರು.

ಜಪಾನಿನಲ್ಲಿ ಕರಾರಿಗೆ ರೆವಿನ್ಯೂ ಸ್ಟಾಂಪ್ ಅಂಟಿಸದಿದ್ದರೆ ಮೂರು ಪಟ್ಟು ತೆರಬೇಕಾಗುತ್ತದೆ, ಕರಾರಿಗೆ ಏನೂ ಆಗುವುದಿಲ್ಲ. ಪಿಡಿಎಫ್‌ನಲ್ಲಿ ಸಹಿ ಮಾಡಿದರೆ ಆ ತೆರಿಗೆಯೂ ಇಲ್ಲ. ನಮ್ಮಲ್ಲಿ 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಂಥ ದಸ್ತಾವೇಜನ್ನು ಸಾಕ್ಷ್ಯವಾಗಿ ಗುರುತಿಸಲು ಬಿಡುವುದಿಲ್ಲ, ಕೊರತೆ ಶುಲ್ಕದ ಹತ್ತು ಪಟ್ಟು ದಂಡ ಕಟ್ಟು ಎನ್ನುತ್ತಾರೆ. ಎದುರು ಪಕ್ಷದ ವಕೀಲರು ಎದ್ದು ನಿಂತು ‘ಸ್ಟಾಂಪ್ ಕಡಿಮೆ ಇದೆ, ಸ್ವಾಮಿ’ ಎಂದೊಡನೆ ನಮ್ಮ ಸೀನಿಯರ್ ಮುಖ ಬಾಡುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಅದನ್ನೇ ಹೇಳಿದೆ. 2023ರ ಏಪ್ರಿಲ್‌ನಲ್ಲಿ, ಸ್ಟಾಂಪ್ ಇಲ್ಲದ ಕರಾರಿನೊಳಗಿನ ಮಧ್ಯಸ್ಥಿಕೆ ಕಲಮೂ ನಡೆಯದು ಎಂದು ಸುಪ್ರೀಂ ಕೋರ್ಟು ಹೇಳಿದಾಗ ಕಂಪನಿಯ ಹಳೆಯ ಕರಾರುಗಳ ಕಪಾಟೇ ನನ್ನ ಮೇಜಿಗೆ ಬಂತು. ಡಿಸೆಂಬರಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಅದು ಸರಿಪಡಿಸಬಹುದಾದ ದೋಷ ಎಂದು ತಿದ್ದಿದ ಮೇಲೆ ಉಸಿರು ಬಂತು. ನನ್ನ ಕೆಲಸ ಇಂಥದ್ದೇ. ಜಪಾನಿ ಕರಾರುಗಳ ಕೊನೆಯಲ್ಲಿ ‘ಇಲ್ಲಿ ಹೇಳದ ವಿಷಯಗಳನ್ನು ಉಭಯ ಪಕ್ಷಗಳು ಪ್ರಾಮಾಣಿಕವಾಗಿ ಮಾತಾಡಿ ತೀರ್ಮಾನಿಸತಕ್ಕದ್ದು’ ಎಂಬ ಒಂದು ಕಲಮು ತಪ್ಪದೇ ಇರುತ್ತದೆ. ಅದರ ಮೇಲೆ ಭರವಸೆಯಿಟ್ಟು ವಿವಾದದ ಕಲಮನ್ನೇ ಬಿಟ್ಟರೆ ಕರ್ನಾಟಕದಲ್ಲಿ ಏನಾಗುತ್ತದೆ ಎಂದು ವಿವರಿಸುವುದಕ್ಕೆ ನನಗೆ ಸಂಬಳ.

ಬೇರೆ ದೇಶಗಳ ಬಗ್ಗೆ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರಿಂದ ಬಂದ ನಮ್ಮ ಕಾಮನ್ ಲಾ ಪದ್ಧತಿ ಪರಿಚಿತವೇ, ಓದು ಮುಗಿದ ಮೇಲೆ ಕೆಲಸ ಹುಡುಕಲು ಎರಡು ವರ್ಷ ಇರಲು ಬಿಡುತ್ತಾರೆ, ವಿದೇಶಿ ವಕೀಲರಿಗೆ ಅರ್ಹತಾ ಪರೀಕ್ಷೆಯೂ ಇದೆ. ಆದರೆ ಅಲ್ಲಿನ ದೊಡ್ಡ ವಿದ್ಯಾರ್ಥಿವೇತನ ಪಿಎಚ್‌ಡಿಯವರಿಗೆ. ಸಿಂಗಪುರದಲ್ಲಿ ಇಂಗ್ಲಿಷ್ ಸಾಕು, ಮಧ್ಯಸ್ಥಿಕೆಯ ಕೆಲಸವೂ ಧಾರಾಳ. ಅಲ್ಲಿನ ವಕೀಲ ಪಟ್ಟಿಗೆ ಸೇರಲು ಮಾನ್ಯವಾದ ವಿದೇಶಿ ಪದವಿಗಳಲ್ಲಿ ಭಾರತದ್ದಿಲ್ಲ, ವಿದೇಶಿ ವಕೀಲರೆಂದೇ ಇರಬೇಕು. ಕೆಲಸದ ವೀಸಾಗೆ 2025ರಿಂದ ಕನಿಷ್ಠ ಸಂಬಳ 5,600 ಸಿಂಗಪುರ ಡಾಲರ್. ವಯಸ್ಸಾದಂತೆ ಆ ಮಿತಿಯೂ ಏರುತ್ತದೆ. ಕೊರಿಯಾದ ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಮೊದಲ ವರ್ಷ ಭಾಷೆಗೇ ಮೀಸಲು, ಅದು ಒಳ್ಳೆಯ ಏರ್ಪಾಟು ಎಂದೇ ನನಗನ್ನಿಸುತ್ತದೆ. ಊರಿಗೆ ಮರಳಿ ಕಾನೂನು ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆಯಿದ್ದರೆ ಒಂದು ವರ್ಷದ ಎಲ್‌ಎಲ್‌ಎಂಗೆ ಮುಗಿಬೀಳಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2020ರ ನಿಯಮಗಳು ಅದರ ಮಾನ್ಯತೆಯನ್ನೇ ಅಲುಗಾಡಿಸಿ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಕೊನೆಗೆ ಸನದಿನ ವಿಷಯ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನದನ್ನು ಅಮಾನತಿನಲ್ಲಿಡಬೇಕು. ನಾನು ಇಟ್ಟಿದ್ದೇನೆ. ಮುಂದೆ ಜಪಾನಿನಲ್ಲಿ ಭಾರತೀಯ ಕಾನೂನಿನ ನೋಂದಾಯಿತ ವಿದೇಶಿ ವಕೀಲೆ ಆಗಬೇಕೆಂದರೆ ಮೂರು ವರ್ಷದ ವಕೀಲಿ ಅನುಭವ ತೋರಿಸಬೇಕು. 2020ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಅದರಲ್ಲಿ ಎರಡು ವರ್ಷವನ್ನು ಜಪಾನಿನಲ್ಲೇ, ಅಲ್ಲಿನ ವಕೀಲರ ಕೈಕೆಳಗೆ ಗಳಿಸಬಹುದು. ಕಂಪನಿಯಲ್ಲಿ ಕುಳಿತ ವರ್ಷಗಳು ಆ ಲೆಕ್ಕಕ್ಕೆ ಹಾಗೆ ಸುಲಭವಾಗಿ ಬರುವುದಿಲ್ಲ. ನನಗೆ ಬೆಂಗಳೂರಿನಲ್ಲೇ ಮೂರು ವರ್ಷ ದಾಟಿತ್ತು. ಕಾಲೇಜು ಮುಗಿದ ಕೂಡಲೇ ಹೊರಟುಬಂದ ನನ್ನ ಕಿರಿಯ ಗೆಳೆಯರೊಬ್ಬರು ಈಗ ಟೋಕಿಯೊದ ನೌಕರಿ ಬಿಟ್ಟು ಅದಕ್ಕೆಂದೇ ಬೆಂಗಳೂರಿಗೆ ಮರಳಿ, ಸಿಟಿ ಸಿವಿಲ್ ಕೋರ್ಟಿನಲ್ಲಿ ಜೂನಿಯರ್ ಆಗಿದ್ದಾರೆ.