ಹವಳದ ಹಾವಿಗೆ ಕೊಕ್ಕೆ ಬೇಡ

ಪುಣೆಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಹಾವು ಹಿಡಿಯುವ ನನಗೆ ಮಳೆಗಾಲದ ಕರೆಗಳೆಲ್ಲ ಹೆಚ್ಚಾಗಿ ನಾಗರಹಾವು, ಕೊಳಕುಮಂಡಲ, ಕೇರೆಗಳವು. ಹವಳದ ಹಾವು ಬಂದಿದೆ ಎಂದು ಯಾರೂ ಫೋನ್ ಮಾಡುವುದಿಲ್ಲ. ಸಿಂಹಗಡದ ತಪ್ಪಲಿನಲ್ಲಿ ಕಟ್ಟಡ ಕೆಲಸಕ್ಕಿದ್ದ ಕಲಬುರಗಿಯ ಹೆಣ್ಣುಮಗಳು, ‘ಅಣ್ಣಾ, ಎರೆಹುಳುವಿನಂತಿದೆ, ಕಸದ ಜೊತೆ ಕೈಯಲ್ಲೇ ಎತ್ತಿ ಚೆಲ್ಲಲೇ?’ ಎಂದು ಕೇಳಿದ್ದಳು. ಬೇಡವೇ ಬೇಡ, ಮಕ್ಕಳನ್ನು ದೂರ ಕೂರಿಸಿ ಕಣ್ಣಿಟ್ಟಿರು ಸಾಕು ಎಂದೆ.

ಕಂದು ಮೈ, ಕಪ್ಪು ತಲೆಯ ಮೇಲೆ ಹಳದಿ ಚುಕ್ಕೆ, ಬಾಲಕ್ಕೆ ಎರಡು ಕಪ್ಪು ಉಂಗುರ. ಇಷ್ಟು ಕಂಡರೆ ಗುರುತು ಸಿಕ್ಕಿತು. ಮೊಳಕ್ಕಿಂತ ಉದ್ದ ಬೆಳೆಯುವುದು ಅಪರೂಪ. ಕೆಣಕಿದರೆ ಬಾಲವನ್ನು ಸುರುಳಿ ಸುತ್ತಿ ಮೇಲೆತ್ತಿ, ಅಡಿಯ ನೀಲಿಬೂದು ಬಣ್ಣ ತೋರಿಸುತ್ತದೆ. ಸುತ್ತ ನಿಂತವರೆಲ್ಲ ಬಾಲ ನೋಡುತ್ತಾರೆ. ನಾನು ತಲೆ ಎಲ್ಲಿದೆ ಎಂದು ಹುಡುಕುತ್ತೇನೆ.

ನಾಗರಹಾವಿಗೆ ಬಳಸುವ ಕೊಕ್ಕೆ ಇಲ್ಲಿ ದಂಡ. ಇಷ್ಟು ಸಣಕಲು ಮೈ ಅದರ ಮೇಲೆ ನಿಲ್ಲುವುದಿಲ್ಲ, ಒತ್ತಿದರೆ ಬೆನ್ನೆಲುಬೇ ಹೋದೀತು. ಅಗಲ ಬಾಯಿಯ ಪಾರದರ್ಶಕ ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿ ಅಡ್ಡ ಮಲಗಿಸುತ್ತೇನೆ. ಉದ್ದ ಹಿಡಿಯ ಮೆತ್ತನೆ ಬ್ರಷ್‌ನಿಂದ ಹಿಂದಿನಿಂದ ತುಸು ಸವರಿದರೆ, ಕತ್ತಲು ಕಂಡಲ್ಲಿಗೆ ತಾನೇ ನುಸುಳುತ್ತದೆ. ಮುಚ್ಚಳದ ಗಾಳಿತೂತು ಸೂಜಿಯಿಂದ ಚುಚ್ಚಿದಷ್ಟೇ ಇರಬೇಕು. ಮೊಳೆಯ ತೂತಿನಲ್ಲಿ ಇದರ ತಲೆ ತೂರಿಬಿಡುತ್ತದೆ.

ಬಾಯಿ ಕಿರಿದು, ಕಚ್ಚುವುದು ಕಡಿಮೆ, ನಿಜ. ಆದರೆ ಇದು ನಾಗರಹಾವಿನ ಕುಟುಂಬದ್ದು, ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷದಿಂದ ಮಾತ್ರ. ಹವಳದ ಹಾವು ಆ ಪಟ್ಟಿಯಲ್ಲಿಲ್ಲ. ಇದನ್ನು ಬಳೆಯಂತೆ ಬೆರಳಿಗೆ ಸುತ್ತಿಕೊಂಡು ವಿಡಿಯೊ ಮಾಡುವ ಶೂರರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೊಟ್ಟೆ ಕೆಂಪಗಿರುತ್ತದಂತೆ, ತಿರುಗಿಸಿ ತೋರಿಸಿ ಎನ್ನುವವರು ಎಲ್ಲ ಕಡೆ ಇದ್ದಾರೆ. ಬಟ್ಟೆ ಸರಿಸಿ ಡಬ್ಬಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತೇನೆ. ಕೆಳಗಿನಿಂದ ಆ ಹವಳಗೆಂಪು ಚೆನ್ನಾಗಿ ಕಾಣುತ್ತದೆ. ತಲೆ, ಬಾಲಗಳ ಚಿತ್ರವನ್ನೂ ಆಗಲೇ ತೆಗೆದುಕೊಳ್ಳುತ್ತೇನೆ. ಗೋವಾ, ಮಹಾರಾಷ್ಟ್ರ, ಕರ್ನಾಟಕದ ಕಾಡುಗಳಲ್ಲಿರುವ ಇನ್ನೊಂದು ಹವಳದ ಹಾವಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದೇ 2012ರಲ್ಲಿ; ಸರಿಯಾದ ಚಿತ್ರವೊಂದು ಯಾವಾಗ ಕೆಲಸಕ್ಕೆ ಬರುತ್ತದೋ ಹೇಳಲಾಗದು.

ದೂರದ ಕಾಡಿಗೆ ಒಯ್ಯುವುದಿಲ್ಲ. ಇದರ ಮುಖ್ಯ ಆಹಾರವಾದ ಕುರುಡು ಹಾವುಗಳು ಅದೇ ಒದ್ದೆ ಮಣ್ಣಿನಲ್ಲಿ, ಕಲ್ಲಿನಡಿ ಇರುತ್ತವೆ. ಸಂಜೆ ಹತ್ತಿರದ ತರಗೆಲೆಯ ಮೇಲೆ ಡಬ್ಬಿ ಮಲಗಿಸಿ, ಮುಚ್ಚಳ ತೆಗೆದು, ಹಿಂದೆ ಸರಿಯುತ್ತೇನೆ. ಒಳಗೇ ಕೂತರೂ ಅಲುಗಾಡಿಸುವುದಿಲ್ಲ. ಅರ್ಧ ಗಂಟೆ ಆದರೆ ಆಗಲಿ.