ಚೆನ್ನಮ್ಮನ ಕಾಲದ್ದೆನ್ನುವ ಕುಂಚಿಗೆಯನ್ನು ಉಳಿಸಿದ ಬಗೆ

ಕಿತ್ತೂರು ರಾಣಿ ಚೆನ್ನಮ್ಮ ತಮ್ಮ ಹಿರಿಯರ ಕೂಸಿಗೆ ಕೊಟ್ಟದ್ದೆಂದು ಧಾರವಾಡದ ಮನೆತನವೊಂದು ಕಾಪಾಡಿಕೊಂಡು ಬಂದ ಕಸೂತಿ ಕುಂಚಿಗೆಯನ್ನು (ಕೂಸಿನ ತಲೆ, ಬೆನ್ನು ಮುಚ್ಚುವ ಟೋಪಿ), ನೀರಿಗೆ ಹಾಕದೆ, ಅಂಟು ಸೋಕಿಸದೆ ಉಳಿಸುತ್ತೇನೆ ಎಂದಾಗ ನಮ್ಮ ಕಸೂತಿಯವರೇ ನಂಬಲಿಲ್ಲ. ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆಯಬೇಕೆಂದು ಕೆಲವರು, ಹಿಂಬದಿಗೆ ಬಟ್ಟೆ ಅಂಟಿಸಬೇಕೆಂದು ಕೆಲವರು ಪಟ್ಟು ಹಿಡಿದರು. ಮಳೆಗಾಲಗಳು ಕಳೆದರೂ ಒಂದೆಳೆ ಸರಿದಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ.

ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಇಂಗ್ಲೆಂಡಿನ ಪರ್ಕಿನ್ನನ ಕೃತಕ ಬಣ್ಣ ಬಂದದ್ದು 1856ರಲ್ಲಿ; ಹಾಗಾಗಿ ರಾಣಿಯ ಕಾಲದ ಬಟ್ಟೆಯಲ್ಲಿ ಅಂಥ ಬಣ್ಣ ಇರಬಾರದು. ಅದನ್ನು ಪರೀಕ್ಷಿಸಲು ಒದ್ದೆ ಹತ್ತಿ ಒತ್ತಿ ನೋಡಿದಾಗ ಯಾವ ಎಳೆಯೂ ಬಣ್ಣ ಬಿಡಲಿಲ್ಲ. ಅಷ್ಟರಿಂದಲೇ ಕಾಲ ನಿರ್ಣಯವಾಗದು; ಮನೆತನದ ಮಾತನ್ನು ಗೌರವದಿಂದ ಹಾಗೆಯೇ ಬಿಟ್ಟಿದ್ದೇನೆ.

ಕೇಡು ಇದ್ದದ್ದು ಕಪ್ಪು ಎಳೆಗಳಲ್ಲಿ. ಹಳದಿ, ಹಸಿರು ರೇಷ್ಮೆ ಗಟ್ಟಿಯಾಗಿದ್ದರೂ ಕಪ್ಪು ಎಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಗೋಪುರದ ಚಿತ್ತಾರದ ಅಂಚಿನಲ್ಲಿ ಗವಂತಿ ಎಂಬ ಕಸೂತಿ ಹೊಲಿಗೆಯ ಸೂಜಿತೂತುಗಳಷ್ಟೇ ಸಾಲಾಗಿ ಉಳಿದಿದ್ದವು. ತುಕ್ಕು ಕಬ್ಬಿಣ ಮತ್ತು ಅಳಲೆಕಾಯಿಯಿಂದ ಕಟ್ಟಿದ ಕಪ್ಪು ಕಾಲಕ್ರಮದಲ್ಲಿ ಎಳೆಯನ್ನೇ ತಿನ್ನುತ್ತದೆ. ಪರೀಕ್ಷಿಸಲೆಂದು ಬೆಲ್ಲದ ನೀರಿನಲ್ಲಿ ಮೊಳೆ ಕೊಳೆಹಾಕಿ ಒಂದು ರೇಷ್ಮೆ ಲಡಿಗೆ ಕಪ್ಪು ಹಾಕಿ ಬೇಸಿಗೆಯಿಡೀ ಮಾಳಿಗೆಯ ಮೇಲಿಟ್ಟೆ. ಅದು ಬೆರಳಲ್ಲಿ ಹರಿಯಿತು, ಜೊತೆಗಿಟ್ಟಿದ್ದ ನೀಲಿಯ ಲಡಿ ಹರಿಯಲಿಲ್ಲ.

ಅಂಟಿನವರ ಸಮಾಧಾನಕ್ಕೆ ಹಳೆಯ ಚಿಂದಿಗಳ ಮೇಲೆ ಅದನ್ನೂ ಮಾಡಿದೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದರೂ ಬಟ್ಟೆ ಬಿರುಸಾಗಿ, ಮಳೆಗಾಲದಲ್ಲಿ ಬೆಳ್ಳಿಮೀನು ಹುಳು ಹತ್ತಿತು. ಬಿಳಿ ಅಂಟು ಮರಳಿ ಬಿಡಲೇ ಇಲ್ಲ. ಸುಮಾರು ನಾಲ್ಕು ಸಾವಿರ ಕೊಟ್ಟು ತರಿಸಿದ ಪರದೇಶಿ ರೇಷ್ಮೆ ಜಾಳಿಗೆ ಜಾರಿ ಜಾರಿ ಕೈಗೆ ನಿಲ್ಲಲಿಲ್ಲ. ಕೊನೆಗೆ ಒದಗಿದ್ದು ನೂರಿನ್ನೂರು ರೂಪಾಯಿಯ ತೆಳು ಮಲ್ (ಹತ್ತಿ) ಬಟ್ಟೆ.

ಆ ಮಲ್ ಬಟ್ಟೆಯನ್ನು ಗಂಜಿ ಹೋಗುವಂತೆ ಕುದಿಸಿ, ಕುಂಚಿಗೆಯ ಕೆಂಪಿಗೆ ಹೊಂದುವ ಬಣ್ಣ ಕೊಟ್ಟು (ಆ ಅಳತೆ ನನ್ನಲ್ಲೇ ಇರಲಿ), ಉದ್ದನೂಲಿಗೆ ಉದ್ದನೂಲು, ಅಡ್ಡನೂಲಿಗೆ ಅಡ್ಡನೂಲು ಕೂಡುವಂತೆ ಚೌಕಟ್ಟಿನಲ್ಲಿ ಹಿಂಬದಿಗೆ ಹಾಸಿದೆ. ಹುರಿಯಿಲ್ಲದ ಒಂಟಿ ರೇಷ್ಮೆ ಎಳೆಯನ್ನು ಕಾಲಿಂಚಿಗೊಂದರಂತೆ ಮೇಲಿಟ್ಟು ಬಂಧಿಸುವಾಗ ಸೂಜಿ ಹಳೆಯ ನೂಲನ್ನು ಸೀಳದೆ ನೂಲುಗಳ ನಡುವೆಯೇ ಇಳಿಯಬೇಕು. ಕಸೂತಿಯ ಕ್ರಮದಂತೆ ಎಲ್ಲಿಯೂ ಗಂಟಿಲ್ಲ. ಎಳೆ ಎಲ್ಲಿ ಶುರುವಾಗಿದೆಯೆಂದು ನುರಿತವರೂ ತೋರಿಸಲಾರರು.

ಮನೆತನದವರು ಕೊಟ್ಟ ಏಳೆಂಟು ಸಾವಿರ ನನ್ನ ಖರ್ಚಿಗೂ ಸಾಲಲಿಲ್ಲ. ಆದರೂ ತೊಟ್ಟಿಲ ದಿನ ಕೂಸಿಗೆ ತೊಡಿಸಲು ಅದೇ ಮಾದರಿಯ ಹೊಸ ಕುಂಚಿಗೆಯನ್ನು ಸಹ ಹೊಲಿದುಕೊಟ್ಟೆ. ಅದರ ಕಪ್ಪನ್ನು ಕಬ್ಬಿಣವಿಲ್ಲದೆ, ನೀಲಿಯಲ್ಲೇ ಮತ್ತೆ ಮತ್ತೆ ಅದ್ದಿ ತೆಗೆದದ್ದು.